ಬಟ್ಟಲುಗಣ್ಣಿನ ಚರಿತ್ರೆ



ರಾಜ್ಯೋತ್ಸವದ ಮಕ್ಕಳ ಚಿತ್ರಸ್ಪರ್ಧೆಗೆ ನಿಯಮಗಳನ್ನು ಬರೆಯುವ ಕೆಲಸ ಈ ವರ್ಷ ನಮ್ಮ ಪಾಲಿಗೆ ಬಂದಿದೆ. ಹಿರಿಯ ಸದಸ್ಯರಿಂದ ಬಂದ ಸಲಹೆಗಳಲ್ಲಿ ಒಂದು ಹೀಗಿದೆ: "ರಾಮ, ಸೀತೆ, ಕೃಷ್ಣ, ಚೆನ್ನಮ್ಮ ಮುಂತಾದವರಿಗೆ ಜಪಾನೀ ಕಾರ್ಟೂನಿನ ಕಣ್ಣು ಬರೆದರೆ ಆ ಚಿತ್ರವನ್ನು ಸ್ಪರ್ಧೆಗೆ ಪರಿಗಣಿಸಬಾರದು." ಸಲಹೆಯ ಹಿಂದಿರುವ ಕಳವಳ ನಮಗೂ ಅರ್ಥವಾಗುತ್ತದೆ. ರೆನ್ನಿಂಗೆನ್ನಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತೆರೆದರೆ ಸಾಕು, ಮುಖದ ಅರ್ಧಭಾಗವನ್ನು ನುಂಗಿರುವ, ಒಳಗೆ ನಕ್ಷತ್ರ ಮಿನುಗುವ ಕಣ್ಣುಗಳು ಸಾಲುಸಾಲಾಗಿ ನಮ್ಮನ್ನೇ ದಿಟ್ಟಿಸುತ್ತವೆ. ಶಾಲೆಯ ಗೆಳತಿಯರು ಇವನ್ನು ಜರ್ಮನ್ನಿನಲ್ಲಿ ಕುಲ್ಲರ್‌ಔಗೆನ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಬಹಳ ಹಿಂದಿನಿಂದಲೂ ಒಂದು ಚೆಂದದ ಮಾತಿದೆ: ಬಟ್ಟಲುಗಣ್ಣು.

ನಿಯಮ ಮಾಡುವ ಮೊದಲು ಆ ಕಣ್ಣು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು, ಅದಕ್ಕೂ ನಮಗೂ ಏನಾದರೂ ಸಂಬಂಧವುಂಟೇ ಎಂದು ವಿಚಾರಿಸುವುದು ಒಳ್ಳೆಯದೆನ್ನಿಸಿತು. ರೋಗಿಯ ಪೂರ್ವಚರಿತ್ರೆ ಕೇಳದೆ ಚೀಟಿ ಬರೆಯಬಾರದೆಂಬುದು ವೈದ್ಯರಾದ ನಮಗೆ ಮೊದಲ ವರ್ಷದಲ್ಲೇ ಕಲಿಸಿದ ಪಾಠ. ಆ ಅಭ್ಯಾಸಬಲದಿಂದ ಈ ಲೇಖನ.

ಪಕ್ಕದೂರಿನ ಕೆಪ್ಲರ್

ಮೊದಲು ಹತ್ತಿರದಿಂದಲೇ ಆರಂಭಿಸೋಣ. ನಮ್ಮೂರಿನಿಂದ ಎಸ್-6 ರೈಲು ಹಿಡಿದು ಷ್ಟುಟ್‌ಗಾರ್ಟಿಗೆ ಬೆನ್ನು ಮಾಡಿ ಹೊರಟರೆ ಮಾಲ್ಮ್ಸ್‌ಹೈಮ್ ದಾಟಿದ ಮೇಲೆ ಸಿಗುವ ಕೊನೆಯ ನಿಲ್ದಾಣ ವೈಲ್ ಡೆರ್ ಷ್ಟಾಟ್. ಅಲ್ಲಿಯ ಮಾರುಕಟ್ಟೆ ಚೌಕದಲ್ಲಿ ಕುಳಿತಿರುವ ಪ್ರತಿಮೆ ಯೋಹಾನೆಸ್ ಕೆಪ್ಲರನದು. 1571ರ ಡಿಸೆಂಬರ್ 27ರಂದು ಆತ ಹುಟ್ಟಿದ್ದು ಆ ಊರಿನಲ್ಲಿ. ಗ್ರಹಗಳ ಚಲನೆಯ ನಿಯಮಗಳಿಗಾಗಿ ಅವನ ಹೆಸರನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಕಣ್ಣಿನ ವಿಷಯದಲ್ಲಿ ಅವನು ಮಾಡಿದ ಉಪಕಾರ ಅಷ್ಟಾಗಿ ಯಾರಿಗೂ ತಿಳಿಯದು. ಬಾಲ್ಯದಲ್ಲಿ ಸಿಡುಬು ತಗುಲಿ ದೃಷ್ಟಿ ಮಂದವಾಗಿದ್ದ ಈ ಮನುಷ್ಯ 1604ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊರಗಿನ ವಸ್ತುವಿನಿಂದ ಬಂದ ಬೆಳಕು ಕಣ್ಣಿನೊಳಗಿನ ಅಕ್ಷಿಪಟಲದ ಮೇಲೆ ತಲೆಕೆಳಗಾದ ಚಿತ್ರವಾಗಿ ಮೂಡುತ್ತದೆಂದು ಸರಿಯಾಗಿ ವಿವರಿಸಿದ. ಆ ಚಿತ್ರವನ್ನು ಮನಸ್ಸು ಹೇಗೆ ಗ್ರಹಿಸುತ್ತದೆಂಬುದನ್ನು ಮಾತ್ರ ಬೇರೆ ಪಂಡಿತರಿಗೆ ಬಿಟ್ಟುಬಿಟ್ಟ.

ಕೆಪ್ಲರ್ ವಿವರಿಸಿದ್ದು ನೋಡುವ ಕಣ್ಣನ್ನು. ಚಿತ್ರಕಾರನಿಗೆ ಬೇಕಾದದ್ದು ಹೇಳುವ ಕಣ್ಣು. ಕಣ್ಣು ಲೋಕವನ್ನು ಒಳಗೆ ಬಿಟ್ಟುಕೊಳ್ಳುವಂತೆಯೇ ಮನಸ್ಸನ್ನು ಹೊರಗೂ ಬಿಡುತ್ತದೆ. ಮನುಷ್ಯನ ಕಣ್ಣಿನಲ್ಲಿ ಬಿಳಿಭಾಗ ಇಷ್ಟೊಂದು ಎದ್ದು ಕಾಣುವುದು ವಾನರಜಾತಿಗಳಲ್ಲೇ ವಿಶೇಷವೆಂದು ಇಬ್ಬರು ಜಪಾನೀ ವಿಜ್ಞಾನಿಗಳು 1997ರಲ್ಲಿ ತೋರಿಸಿಕೊಟ್ಟರು. ಎದುರಿನವನು ಎತ್ತ ನೋಡುತ್ತಿದ್ದಾನೆಂದು ನಮಗೆ ದೂರದಿಂದಲೇ ತಿಳಿಯುವುದು ಈ ಬಿಳಿಯಿಂದ. ಈ ದೇಶಕ್ಕೆ ತರಬೇತಿಗೆ ಬಂದ ಹೊಸದರಲ್ಲಿ ವಾರ್ಡಿನ ಅಜ್ಜ ಅಜ್ಜಿಯರ ಷ್ವೇಬಿಷ್ ಮಾತು ನಮಗೆ ಒಂದಕ್ಷರವೂ ಹತ್ತುತ್ತಿರಲಿಲ್ಲ. ನೋವೆಷ್ಟು, ಭಯವೆಷ್ಟು, ಮನೆಗೆ ಹೋಗುವ ಆಸೆಯೆಷ್ಟು ಎಂಬುದನ್ನು ಭಾಷೆ ಬರುವ ತನಕ ಅವರ ಕಣ್ಣು ನೋಡಿಯೇ ಅಳೆಯಬೇಕಿತ್ತು.

ನಾರಾದ ಬುದ್ಧನಿಗೆ ಕಣ್ಣು ಬರೆದವನು

ಈಗ ಜಪಾನಿಗೆ ಹೋಗೋಣ. ಕ್ರಿ.ಶ. 752ರಲ್ಲಿ ನಾರಾ ಪಟ್ಟಣದ ತೋದಾಯ್-ಜಿ ದೇವಾಲಯದಲ್ಲಿ ಮಹಾಬುದ್ಧನ ಕಂಚಿನ ವಿಗ್ರಹಕ್ಕೆ ಕಣ್ಣು ತೆರೆಸುವ ಉತ್ಸವ ನಡೆಯಿತು. ಸುಮಾರು 15 ಮೀಟರ್ ಎತ್ತರದ ಕುಳಿತ ಬುದ್ಧ. ಕುಂಚ ಹಿಡಿದು ಕಣ್ಣಿನ ಪಾಪೆ ಬರೆದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಆತ ಚೀನಾದ ಮೂಲಕ 736ರಲ್ಲಿ ಜಪಾನ್ ತಲುಪಿದ್ದ. ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ಅದನ್ನು ನೆರೆದವರೆಲ್ಲ ಹಿಡಿದುಕೊಂಡರಂತೆ; ಕಣ್ಣು ತೆರೆಸುವ ಪುಣ್ಯದಲ್ಲಿ ಎಲ್ಲರಿಗೂ ಪಾಲು ಸಿಗಲೆಂದು. ಆ ಕುಂಚವೂ ದಾರವೂ ನಾರಾದ ಷೋಸೋಯಿನ್ ಭಂಡಾರದಲ್ಲಿ ಇಂದಿಗೂ ಇವೆ. ವಿಗ್ರಹದ ತಲೆ ಮಾತ್ರ ಬೆಂಕಿ ಭೂಕಂಪಗಳಿಗೆ ಸಿಕ್ಕಿ ಬದಲಾಗಿದೆ. ಈಗಿರುವುದು 17ನೆಯ ಶತಮಾನದ್ದು.

ಅದೇ ವರ್ಷ ನಮ್ಮ ಬಾದಾಮಿಯಲ್ಲಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಆಳ್ವಿಕೆ ಕೊನೆಗಾಣುವ ಹಂತದಲ್ಲಿತ್ತು. ಎರಡೂ ಕಡೆ ನಂಬಿಕೆ ಒಂದೇ: ಕಲ್ಲಾಗಲಿ ಕಂಚಾಗಲಿ, ಕಣ್ಣು ತೆರೆಯುವ ತನಕ ಅದು ಬರೀ ವಸ್ತು. ನಮ್ಮ ಶಿಲ್ಪಿಗಳು ವಿಗ್ರಹದ ಕಣ್ಣನ್ನು ಕೊನೆಗೆ ಉಳಿಸಿಕೊಂಡು ಮುಹೂರ್ತ ನೋಡಿ ನೇತ್ರೋನ್ಮೀಲನ ಮಾಡುವುದನ್ನು ಊರಿನ ದೇವಸ್ಥಾನದಲ್ಲಿ ಹಲವರು ಕಂಡಿರಬಹುದು. ಜಪಾನಿನಲ್ಲಿ ದರುಮ ಎಂಬ ಗುಂಡನೆಯ ಬೊಂಬೆ ಮಾರುತ್ತಾರೆ. ಕಣ್ಣುಗುಡ್ಡೆಯ ಜಾಗ ಖಾಲಿ. ಹರಕೆ ಹೊತ್ತಾಗ ಒಂದು ಕಣ್ಣು, ಫಲಿಸಿದಾಗ ಇನ್ನೊಂದು ಕಣ್ಣು ಬರೆಯಬೇಕು. ದರುಮ ಎಂದರೆ ಬೋಧಿಧರ್ಮ. ಅವನೂ ಭಾರತದಿಂದ ಹೋದವನೇ ಎಂದು ಪ್ರತೀತಿ. ಆದ್ದರಿಂದ "ಜಪಾನೀ ಕಣ್ಣು" ಎಂದು ನಾವು ದೂರ ಇಡುವ ಮೊದಲು, ಜಪಾನಿನ ಅತಿ ದೊಡ್ಡ ಕಣ್ಣುಗಳಲ್ಲೊಂದನ್ನು ಮೊದಲ ಬಾರಿಗೆ ಬರೆದ ಕೈ ನಮ್ಮ ಕಡೆಯದೆಂಬುದನ್ನು ನೆನಪಿಡಬೇಕು.

ಗೆರೆಯಾಗಿದ್ದ ಕಣ್ಣು ಬಟ್ಟಲಾದದ್ದು

ವಿಚಿತ್ರವೆಂದರೆ ಜಪಾನಿನ ಹಳೆಯ ಚಿತ್ರಗಳಲ್ಲಿ ಕಣ್ಣು ಬಹಳ ಚಿಕ್ಕದು. 12ನೆಯ ಶತಮಾನದ ಗೆಂಜಿ ಕಥೆಯ ಸುರುಳಿಚಿತ್ರಗಳಲ್ಲಿ ರಾಜಕುಮಾರ ರಾಜಕುಮಾರಿಯರ ಕಣ್ಣೆಂದರೆ ಒಂದು ಗೆರೆ, ಮೂಗೆಂದರೆ ಒಂದು ಕೊಕ್ಕೆ. ಮುಂದೆ ಮರದಚ್ಚಿನ ಚಿತ್ರಗಳಲ್ಲಿಯೂ ಸುಂದರಿಯರದು ಸಣ್ಣ ಸೀಳುಗಣ್ಣೇ. ಬದಲಾವಣೆ ಬಂದದ್ದು 20ನೆಯ ಶತಮಾನದಲ್ಲಿ. ತಾಕೆಹಿಸಾ ಯುಮೆಜಿ ಎಂಬ ಚಿತ್ರಕಾರ ಕನಸುಗಣ್ಣಿನ ಹೆಂಗಸರನ್ನು ಬರೆದ. 1930ರ ದಶಕದಲ್ಲಿ ನಾಕಾಹರಾ ಜುನ್‌ಇಚಿ ಹುಡುಗಿಯರ ಮಾಸಪತ್ರಿಕೆಗಳಿಗೆ ದೊಡ್ಡ ಕಣ್ಣಿನ ಬಾಲೆಯರನ್ನು ಬರೆದು ಹೆಸರಾದ. ಯುದ್ಧ ಮುಗಿದ ಮೇಲೆ ತಾಕಾಹಾಷಿ ಮಾಕೊತೊ ಮುಂತಾದವರು ಆ ಕಣ್ಣುಗಳೊಳಗೆ ನಕ್ಷತ್ರಗಳನ್ನಿಟ್ಟರು.

ಆದರೆ ಲೋಕವೆಲ್ಲ ಗುರುತಿಸುವ ಕಣ್ಣು ಬಂದದ್ದು ಒಬ್ಬ ವೈದ್ಯನಿಂದ. ಇದನ್ನು ಬರೆಯುವಾಗ ನಮಗೆ ಸ್ವಲ್ಪ ಹೆಮ್ಮೆಯಾದರೆ ಓದುಗರು ಮನ್ನಿಸಬೇಕು. ತೆಜುಕಾ ಒಸಾಮು 1928ರಲ್ಲಿ ಹುಟ್ಟಿದ. ಒಸಾಕಾದಲ್ಲಿ ವೈದ್ಯಕೀಯ ಓದಿ, 1952ರಲ್ಲಿ ಸರ್ಕಾರಿ ಪರೀಕ್ಷೆ ಮುಗಿಸಿ, 1961ರಲ್ಲಿ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. ರೋಗಿಗಳನ್ನು ನೋಡುವ ಬದಲು ಚಿತ್ರಕಥೆ ಬರೆದ. ಅವನು ಬೆಳೆದ ತಾಕಾರಾಜುಕಾ ಊರಿನಲ್ಲಿ ಹೆಂಗಸರೇ ಎಲ್ಲ ಪಾತ್ರ ಮಾಡುವ ಪ್ರಸಿದ್ಧ ನಾಟಕ ಮಂಡಳಿ ಇತ್ತು. ದೀಪದ ಬೆಳಕಿನಲ್ಲಿ ಹೊಳೆಯುವಂತೆ ಕಣ್ಣಿಗೆ ದಟ್ಟವಾಗಿ ಬಣ್ಣ ತೀಡಿದ ಆ ನಟಿಯರನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ತಂದೆ ಮನೆಯಲ್ಲೇ ಪ್ರೊಜೆಕ್ಟರ್ ಇಟ್ಟುಕೊಂಡು ಡಿಸ್ನಿಯ ಚಿತ್ರಗಳನ್ನು ತೋರಿಸುತ್ತಿದ್ದರು. ಅಮೆರಿಕದ ಬೆಟ್ಟಿ ಬೂಪ್, ಬ್ಯಾಂಬಿ ಜಿಂಕೆಮರಿ, ತಾಕಾರಾಜುಕಾ ರಂಗಸ್ಥಳ ಎಲ್ಲವೂ ಕೂಡಿ ಅವನ ಲೇಖನಿಯಿಂದ ಹೊಸ ಕಣ್ಣಾಗಿ ಇಳಿದವು. ಇದೇ ವೈದ್ಯ ಮುಂದೆ 1972ರಿಂದ 1983ರ ತನಕ ನಮ್ಮ ಬುದ್ಧನ ಕಥೆಯನ್ನು ಚಿತ್ರಗಳಲ್ಲಿ ಹೇಳಿದ.

1963ರ ಜನವರಿ 1ರಂದು ಅವನ ಯಂತ್ರಬಾಲಕ ಆಟಮ್ ಟೆಲಿವಿಷನ್ನಿನಲ್ಲಿ ಪ್ರತಿವಾರ ಬರತೊಡಗಿದ. ಆಗ ಕಣ್ಣು ದೊಡ್ಡದಿರಬೇಕಾದ ಇನ್ನೊಂದು ಕಾರಣ ಹುಟ್ಟಿಕೊಂಡಿತು. ಅದು ದುಡ್ಡಿನ ಕಾರಣ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಡಿಸ್ನಿಯವರು ಸೆಕೆಂಡಿಗೆ 12ರಿಂದ 24 ಚಿತ್ರ ಬರೆಸುತ್ತಿದ್ದರು. ವಾರಕ್ಕೊಂದು ಕಂತು ಕೊಡಬೇಕಾದ ತೆಜುಕಾನ ಬಳಿ ಅಷ್ಟು ಹಣವೂ ಇಲ್ಲ, ಸಮಯವೂ ಇಲ್ಲ. ಒಂದೇ ಚಿತ್ರವನ್ನು ಮೂರು ಚೌಕಟ್ಟಿಗೆ ಬಳಸುವುದು, ಮೈಯನ್ನು ಅಲುಗಾಡಿಸದೆ ಬಾಯಿ ಮತ್ತು ರೆಪ್ಪೆ ಮಾತ್ರ ಆಡಿಸುವುದು ಹೀಗೆ ಉಳಿತಾಯದ ಉಪಾಯಗಳನ್ನು ಹೂಡಿದರು. ಮೈ ಅಲ್ಲಾಡದಿದ್ದಾಗ ನಟನೆ ಮಾಡುವವರು ಯಾರು? ಕಣ್ಣು! ಅಳು, ನಗು, ಆಶ್ಚರ್ಯ, ಕೋಪ ಎಲ್ಲದರ ಭಾರವನ್ನೂ ಕಣ್ಣೇ ಹೊರಬೇಕಾಯಿತು. ಬಡತನದಲ್ಲಿ ಹುಟ್ಟಿದ ಜಾಣತನ ಮುಂದೆ ಒಂದು ಶೈಲಿಯೇ ಆಯಿತು.

ಜಪಾನೀಯರು ಐರೋಪ್ಯರಂತೆ ಕಾಣಬೇಕೆಂಬ ಆಸೆಯಿಂದ ಹೀಗೆ ಬರೆಯುತ್ತಾರೆಂದು ಕೆಲವರು ಹೇಳುವುದುಂಟು. ಅಮೆರಿಕದ ಪ್ರಭಾವ ನಿಜವೇ. ಆದರೆ ಜಪಾನಿನ ಓದುಗನಿಗೆ ಆ ಮುಖ ಪರದೇಶದವಳದಲ್ಲ, ಪಕ್ಕದ ಮನೆಯ ಹುಡುಗಿಯದು. ಅಲ್ಲದೆ ಎದುರಿನವರ ಮನಸ್ಸನ್ನು ತಿಳಿಯಲು ಜಪಾನೀಯರು ಕಣ್ಣಿಗೂ ಅಮೆರಿಕನ್ನರು ಬಾಯಿಗೂ ಹೆಚ್ಚು ಗಮನ ಕೊಡುತ್ತಾರೆಂದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಹಲ್ಲು ತೋರಿಸಿ ನಗುವುದು ಅಷ್ಟು ಮರ್ಯಾದೆಯಲ್ಲವೆಂದು ಬೆಳೆದ ನಮ್ಮ ಅಜ್ಜಿಯರೂ ಕಣ್ಣಿನಲ್ಲೇ ನಗುತ್ತಿದ್ದವರಲ್ಲವೇ?

ಜರ್ಮನಿಗೆ ಬಂದ ದಾರಿ

ಜರ್ಮನಿಯಲ್ಲಿ ಈ ಕಣ್ಣು ನಮ್ಮ ಮಕ್ಕಳಿಗಿಂತ ಹಳೆಯದು. ಇಲ್ಲಿಯ ಎರಡನೆಯ ಟೆಲಿವಿಷನ್ ಸಂಸ್ಥೆ ಜಡ್‌ಡಿಎಫ್ 1974ರಲ್ಲಿ ವಿಕ್ಕಿ ಎಂಬ ವೈಕಿಂಗ್ ಹುಡುಗನನ್ನೂ 1976ರಲ್ಲಿ ಮಾಯಾ ಜೇನನ್ನೂ 1977ರಲ್ಲಿ ಹೈಡಿಯನ್ನೂ ತೋರಿಸಿತು. ಮೂರೂ ಬರೆದದ್ದು ಜಪಾನಿನಲ್ಲಿ. ಮಾಯಾಳ ಮೂಲ ಪುಸ್ತಕವನ್ನು ಜರ್ಮನ್ ಲೇಖಕ ವಾಲ್ಡೆಮಾರ್ ಬೊನ್ಸೆಲ್ಸ್ 1912ರಲ್ಲಿ ಬರೆದಿದ್ದ. ಹೈಡಿ ಸ್ವಿಟ್ಜರ್ಲೆಂಡಿನ ಯೋಹಾನ್ನಾ ಷ್ಪೀರಿಯವರ ಕೂಸು. ನಿರ್ದೇಶಕ ತಾಕಾಹಾತಾ ಇಸಾವೊ, ಮುಂದೆ ಜಗತ್ಪ್ರಸಿದ್ಧರಾದ ಮಿಯಾಜಾಕಿ ಹಯಾವೊ ಮುಂತಾದವರು 1973ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಮೇಕೆ, ಹುಲ್ಲಿನ ಗುಡಿಸಲುಗಳನ್ನು ನೋಡಿಕೊಂಡು ಬಂದು ಆ ಚಿತ್ರ ಮಾಡಿದರು. ನಮ್ಮ ಜರ್ಮನ್ ಸಹೋದ್ಯೋಗಿಗಳಲ್ಲಿ ಐವತ್ತು ದಾಟಿದವರನ್ನು ಕೇಳಿ ನೋಡಿ. ಹೈಡಿ ಜಪಾನಿನವಳೆಂದರೆ ಅರ್ಧಕ್ಕರ್ಧ ಮಂದಿ ನಂಬುವುದಿಲ್ಲ. ಅಷ್ಟರಮಟ್ಟಿಗೆ ಅವಳು ಇವರ ಮನೆಮಗಳಾಗಿಬಿಟ್ಟಿದ್ದಾಳೆ. 1995ರಲ್ಲಿ ಸೈಲರ್ ಮೂನ್ ಬಂದ ಮೇಲೆ ಹುಡುಗಿಯರು ಪೆನ್ಸಿಲ್ ಹಿಡಿದು ತಾವೇ ಬರೆಯತೊಡಗಿದರು.

ದೊಡ್ಡ ಕಣ್ಣು ನಮ್ಮ ಮನಸ್ಸನ್ನು ಏಕೆ ಸೆಳೆಯುತ್ತದೆಂಬುದಕ್ಕೆ ಜರ್ಮನ್ ಭಾಷೆಯಲ್ಲಿಯೇ ಒಂದು ಉತ್ತರವಿದೆ. 1943ರಲ್ಲಿ ಕೊನ್ರಾಡ್ ಲೊರೆಂಟ್ಸ್ ಎಂಬ ಪ್ರಾಣಿವರ್ತನ ವಿಜ್ಞಾನಿ, ಉಬ್ಬಿದ ಹಣೆ, ಮುಖದ ಕೆಳಭಾಗಕ್ಕೆ ಇಳಿದ ದೊಡ್ಡ ಕಣ್ಣು, ತುಂಬುಗೆನ್ನೆ ಇವನ್ನು ಕಂಡೊಡನೆ ನಮ್ಮಲ್ಲಿ ಮಗುವನ್ನು ಎತ್ತಿಕೊಳ್ಳುವ ವಾತ್ಸಲ್ಯ ಹುಟ್ಟುತ್ತದೆಂದು ಬರೆದ. ವೈದ್ಯಕೀಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಸುಮಾರು 17 ಮಿಲಿಮೀಟರ್, ದೊಡ್ಡವರದು ಸುಮಾರು 24. ಮೂರು ವರ್ಷದೊಳಗೆ ಬೆಳವಣಿಗೆಯ ಬಹುಪಾಲು ಮುಗಿದಿರುತ್ತದೆ. ಮುಖ ಬೆಳೆಯುವುದು ಆಮೇಲೆ. ಹಾಗಾಗಿ ಮಗುವಿನ ಮುಖದಲ್ಲಿ ಕಣ್ಣೇ ಕಣ್ಣು.

ಪಾಪೆ ಅಗಲವಾದರೆ ಕಣ್ಣು ಆಕರ್ಷಕವೆಂಬುದೂ ಹಳೆಯ ಅರಿವು. ಇಟಲಿಯ ಹೆಂಗಸರು ಒಂದು ವಿಷಗಿಡದ ರಸವನ್ನು ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದರು. ಗಿಡಕ್ಕೆ ಬೆಲ್ಲಡೋನ, ಅಂದರೆ ಸುಂದರಿ ಎಂದು ಹೆಸರು. 1819ರಲ್ಲಿ ಯೇನಾದಲ್ಲಿ ರುಂಗೆ ಎಂಬ ಯುವ ರಸಾಯನಶಾಸ್ತ್ರಜ್ಞ ಇದರ ಪರಿಣಾಮವನ್ನು ಬೆಕ್ಕಿನ ಕಣ್ಣಿನಲ್ಲಿ ಕವಿ ಗ್ಯೋಯ್ಟೆಗೆ ತೋರಿಸಿದ. ಮೆಚ್ಚಿದ ಕವಿ ಒಂದಿಷ್ಟು ಕಾಫಿ ಬೀಜ ಕೊಟ್ಟು ಇದನ್ನೂ ಪರೀಕ್ಷಿಸು ಎಂದ. ಅದರಿಂದ ಹುಟ್ಟಿದ್ದು ಕೆಫೀನಿನ ಶೋಧ! ಬೆಲ್ಲಡೋನವನ್ನು ಯಾರೂ ಪ್ರಯೋಗಿಸಬಾರದೆಂದು ವೈದ್ಯರಾಗಿ ಎಚ್ಚರಿಸುತ್ತೇವೆ. ಚಿತ್ರದಲ್ಲಾದರೆ ಪೆನ್ಸಿಲ್ ಸಾಕು, ವಿಷ ಬೇಡ.

ನಮ್ಮ ಕಣ್ಣುಗಳ ಕಥೆ

ಈಗ ನಮ್ಮ ಕಡೆಗೆ ಬರೋಣ. ದೊಡ್ಡ ಕಣ್ಣು ಬರೆಯುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಐದು ಬಗೆಯ ಕಣ್ಣುಗಳನ್ನು ಯವದ, ಅಂದರೆ ಜವೆಗೋಧಿ ಕಾಳಿನ ಅಳತೆಯಲ್ಲಿ ಹೇಳಿದೆ. ಬಿಲ್ಲಿನಾಕಾರದ ಕಣ್ಣು 3 ಯವ. ಯೋಗದಲ್ಲಿ ಕುಳಿತು ಕೆಳಗೆ ನೋಡುವವರಿಗೆ. ಮೀನಿನ ಹೊಟ್ಟೆಯಂಥದು 4 ಯವ, ಹೆಂಗಸರಿಗೂ ಪ್ರೇಮಿಗಳಿಗೂ. ನೈದಿಲೆಯ ಎಸಳಿನಂಥದು 6, ಶಾಂತಚಿತ್ತರಿಗೆ. ತಾವರೆಯ ಎಸಳಿನಂಥದು 9, ಹೆದರಿದವರಿಗೂ ಅಳುವವರಿಗೂ. ಐದನೆಯದು 10 ಯವ, ಸಿಟ್ಟಿಗೆದ್ದವರಿಗೂ ನೋವಿನಲ್ಲಿರುವವರಿಗೂ. ಭಾವ ಏರಿದಂತೆ ಕಣ್ಣು ದೊಡ್ಡದಾಗಬೇಕೆಂಬ ಸೂತ್ರವನ್ನು ತೆಜುಕಾಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ನಮ್ಮವರು ಕಾಳಿನ ಲೆಕ್ಕದಲ್ಲಿ ಬರೆದಿಟ್ಟಿದ್ದರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಚಿತ್ರಕಲೆಗೇ ಒಂದು ಭಾಗ ಮೀಸಲಿಟ್ಟ. ಅದೇ ಶತಮಾನದ ಆರಂಭದ, ಮೂಡಬಿದಿರೆಯ ಧವಳಾ ತಾಳೆಗರಿಗಳ ಚಿತ್ರಗಳಲ್ಲಿ ಅಗಲ ಕಣ್ಣಿನ ಮಂದಿ ಕುಳಿತಿದ್ದಾರೆ. ಆಂಧ್ರದ ಗಡಿಯಲ್ಲಿರುವ ಲೇಪಾಕ್ಷಿಯ ವಿಜಯನಗರ ಕಾಲದ ಚಿತ್ರಗಳಲ್ಲಿ ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಪೂರ್ತಿಯಾಗಿ ತೆರೆದಿದೆ. ಇನ್ನೊಂದು ತುದಿಯಲ್ಲಿ 981ರ ಸುಮಾರಿನ ಶ್ರವಣಬೆಳಗೊಳದ ಗೊಮ್ಮಟನಿದ್ದಾನೆ. ಅಷ್ಟೆತ್ತರದ ಮೂರ್ತಿಗೆ ಕೆಳಗಿಳಿದ ಶಾಂತವಾದ ಅರೆಗಣ್ಣು.

ಯಕ್ಷಗಾನಕ್ಕೆ ಬನ್ನಿ. ರಾತ್ರಿಯಿಡೀ ದೀವಟಿಗೆಯ ಬೆಳಕಿನಲ್ಲಿ ಬಯಲಿನಲ್ಲಿ ಆಟ. ಹಿಂದೆ ಕುಳಿತವನಿಗೂ ಭಾವ ಮುಟ್ಟಬೇಕು. ಅದಕ್ಕಾಗಿ ಚೌಕಿಯಲ್ಲಿ ಕಲಾವಿದ ಕನ್ನಡಿ ಹಿಡಿದು ಕಾಡಿಗೆಯಿಂದ ಕಣ್ಣನ್ನು ಕಿವಿಯ ಕಡೆಗೆ ಎಳೆಯುತ್ತಾನೆ, ಸುತ್ತ ಬಿಳಿ ಕೆಂಪು ಬಣ್ಣಗಳಿಂದ ಹಿಗ್ಗಿಸುತ್ತಾನೆ. ತೆಂಕುತಿಟ್ಟಿನ ಬಣ್ಣದ ವೇಷವನ್ನು ಕಾಸರಗೋಡಿನಲ್ಲಿ ನೋಡಿದವರಿಗೆ ಆ ಕಣ್ಣು ಬಿಟ್ಟ ಕ್ಷಣದಲ್ಲಿ ಮಕ್ಕಳು ಚಿಟ್ಟನೆ ಚೀರಿದ್ದು ನೆನಪಿದ್ದೀತು. ದೂರ ಮತ್ತು ಮಂದ ಬೆಳಕು ಯಕ್ಷಗಾನದ ಕಣ್ಣನ್ನು ದೊಡ್ಡದು ಮಾಡಿದವು. ಹಣದ ಕೊರತೆ ಜಪಾನಿನ ಕಣ್ಣನ್ನು ದೊಡ್ಡದು ಮಾಡಿತು. ತೊಗಲುಗೊಂಬೆಯಾಟದಲ್ಲಿಯೂ ಹೀಗೆಯೇ. ತೆಳುವಾಗಿ ಹದಮಾಡಿದ ತೊಗಲಿನ ಮೇಲೆ ಬರೆದ ದೊಡ್ಡ ಕಣ್ಣು ಪರದೆಯ ಹಿಂದಿನ ದೀಪದಿಂದ ಜೀವ ಪಡೆಯುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಬಂದಾಗ ಈ ಕಲೆ ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

"ಇವೆಲ್ಲ ನಮ್ಮವು, ಅದು ಪರರದು" ಎನ್ನುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ನಮ್ಮ ದೇವರಮನೆಗಳಲ್ಲಿರುವ ಲಕ್ಷ್ಮಿ ಸರಸ್ವತಿಯರ ಮುಖ ರಾಜಾ ರವಿವರ್ಮನದು. ಅವನು ಬಳಸಿದ್ದು ಯೂರೋಪಿನ ತೈಲಚಿತ್ರದ ಪದ್ಧತಿ. 1894ರಲ್ಲಿ ಆರಂಭವಾದ ಅವನ ಕಲ್ಲಚ್ಚಿನ ಮುದ್ರಣಾಲಯವನ್ನು ಮುಂದೆ ಕೊಂಡು ನಡೆಸಿದವನು ಫ್ರಿಟ್ಸ್ ಷ್ಲೈಷರ್ ಎಂಬ ಜರ್ಮನ್. ಕಲ್ಲಚ್ಚು ಹುಟ್ಟಿದ್ದೇ 1796ರ ಹೊತ್ತಿಗೆ ಮ್ಯೂನಿಕ್ಕಿನಲ್ಲಿ. ಅಜ್ಜಿ ದಿನವೂ ಕೈಮುಗಿದ ದೇವಿಯ ಕಣ್ಣು ಜರ್ಮನ್ ಯಂತ್ರದ ಮೂಲಕ ಬಂದದ್ದೆಂದು ಅಜ್ಜಿಯ ಭಕ್ತಿಗೆ ಯಾವ ಕೊರತೆಯೂ ಆಗಲಿಲ್ಲ. ರಾಮಾಯಣವನ್ನೇ ತೆಗೆದುಕೊಳ್ಳಿ. ಸಾಕೊ ಯೂಗೊ ಎಂಬ ಜಪಾನೀಯ ನಮ್ಮ ರಾಮ್ ಮೋಹನ್ ಅವರೊಡನೆ ಕೂಡಿ ಮಾಡಿದ ರಾಮಾಯಣದ ಅನಿಮೆ 1992ರಲ್ಲಿ ಸಿದ್ಧವಾಯಿತು. 2025ರ ಜನವರಿಯಲ್ಲಿ ಅದು ಭಾರತದ ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡಿತು. ನಾವು ನಿಷೇಧದ ನಿಯಮ ಮಾಡಿದರೆ ಆ ರಾಮನನ್ನೂ ಸ್ಪರ್ಧೆಯಿಂದ ಹೊರಗಿಡಬೇಕಾಗುತ್ತದೆ.

ಬರೆಯುವ ಕ್ರಮ

ಮಕ್ಕಳಿಗಾಗಿ ನಾಲ್ಕು ಮಾತು. ಮೊದಲು ಮೇಲಿನ ರೆಪ್ಪೆಯ ಗೆರೆ. ಅದು ದಪ್ಪವಾಗಿರಲಿ, ಹೊರತುದಿಯಲ್ಲಿ ಇನ್ನಷ್ಟು ದಪ್ಪವಾಗಲಿ. ಕೆಳಗಿನ ರೆಪ್ಪೆ ತೆಳು, ಪೂರ್ತಿ ಎಳೆಯುವುದು ಬೇಡ. ನಡುವೆ ಉದ್ದನೆಯ ಅಂಡಾಕಾರದ ಬಣ್ಣದ ವಲಯ. ಅದರ ತಲೆ ಮೇಲಿನ ರೆಪ್ಪೆಯಡಿ ಅವಿತಿರಲಿ, ಏಕೆಂದರೆ ಆರೋಗ್ಯವಂತರ ಕಣ್ಣಿನಲ್ಲಿ ಮೇಲಿನ ರೆಪ್ಪೆ ವಲಯದ ಒಂದೆರಡು ಮಿಲಿಮೀಟರನ್ನು ಮುಚ್ಚಿರುತ್ತದೆ. ರೆಪ್ಪೆ ಮೇಲೆ ಸರಿದು ಬಿಳಿ ಕಂಡರೆ ಬೆಚ್ಚಿದ ನೋಟ. 1840ರಲ್ಲಿ ಮೆರ್ಸೆಬುರ್ಗಿನ ವೈದ್ಯ ಬಾಸೆಡೋ ವಿವರಿಸಿದ ಥೈರಾಯಿಡ್ ರೋಗದಲ್ಲಿ, ಹೆದರದವರೂ ಹೆದರಿದಂತೆ ಕಾಣುವುದು ಇದರಿಂದಲೇ. ವಲಯದ ಮೇಲ್ಭಾಗ ಕಪ್ಪಾಗಿ, ಕೆಳಭಾಗ ತಿಳಿಯಾಗಿ ಬಣ್ಣ ತುಂಬಿ. ರೆಪ್ಪೆಯ ನೆರಳು ಬಿದ್ದಂತಾಗುತ್ತದೆ. ಕೊನೆಗೆ ಬೆಳಕಿನ ಬಿಳಿ ಚುಕ್ಕೆ. ಎರಡೂ ಕಣ್ಣಿನಲ್ಲಿ ಅದು ಒಂದೇ ಬದಿಗಿರಲಿ, ಕಿಟಕಿ ಇರುವುದು ಒಂದೇ ಕಡೆ. ಚುಕ್ಕೆ ತೆಗೆದುಬಿಟ್ಟರೆ ಮುಖದಿಂದ ಜೀವವೇ ಹೋಗುತ್ತದೆ. ದುಃಖದ ದೃಶ್ಯದಲ್ಲಿ ಜಪಾನೀಯರು ಬೇಕೆಂದೇ ಹಾಗೆ ಮಾಡುತ್ತಾರೆ. ನಗು ಬರೆಯುವಾಗ ಕೆಳರೆಪ್ಪೆಯನ್ನು ಮೇಲಕ್ಕೆ ತಳ್ಳಿ. ನಿಜವಾದ ನಗೆಯಲ್ಲಿ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆಂದು ಫ್ರಾನ್ಸಿನ ಡಾಕ್ಟರ್ ದ್ಯುಷೆನ್ 1862ರಲ್ಲೇ ತೋರಿಸಿದ್ದಾನೆ.

ಇನ್ನು ನಮ್ಮ ಕಳವಳದ ವಿಷಯ. ಹಿರಿಯರು ಹೆದರುತ್ತಿರುವುದು ಸರಿಯಾದ ಕಾರಣಕ್ಕೇ. ಮಕ್ಕಳಿಗೆ ಜಪಾನಿನ ಕಣ್ಣು ಗೊತ್ತು, ಯಕ್ಷಗಾನದ ಕಣ್ಣು ಗೊತ್ತಿಲ್ಲ. ಆದರೆ ಗೊತ್ತಿರುವುದನ್ನು ಕಿತ್ತುಕೊಂಡರೆ ಗೊತ್ತಿಲ್ಲದ್ದು ತಾನಾಗಿ ಬರುವುದಿಲ್ಲ. ಪೆನ್ಸಿಲ್ ಕೆಳಗಿಟ್ಟ ಮಗು ಬಣ್ಣದ ವೇಷವನ್ನೂ ಬರೆಯುವುದಿಲ್ಲ. ನಮ್ಮ ಕೈಯಿಂದ ಹೆಚ್ಚು ವೇಗವಾಗಿ ಜಾರುತ್ತಿರುವುದು ಭಾಷೆ. ಕನ್ನಡದಲ್ಲಿ ಕಣ್ಣಿನ ಬಗ್ಗೆ ಎಷ್ಟೊಂದು ಮಾತುಗಳಿವೆ, ನೋಡಿ. ಕಣ್ಣರಳಿಸು, ಕಣ್ಣು ಕಿರಿದು ಮಾಡು, ಕಣ್ಣು ಕೆಂಪಾಗು, ಕಣ್ಣು ತುಂಬಿ ಬರು, ಕಣ್ಣು ಮಿಟುಕಿಸು, ಕಣ್ಸನ್ನೆ, ಓರೆಗಣ್ಣು, ಕೆಂಗಣ್ಣು, ಎವೆಯಿಕ್ಕದೆ ನೋಡು. ಇವೊಂದೊಂದೂ ಚಿತ್ರಕಾರನಿಗೆ ಒಂದೊಂದು ಪಾಠ. ರೆಪ್ಪೆ ಎಲ್ಲಿರಬೇಕು, ಪಾಪೆ ಎತ್ತ ತಿರುಗಬೇಕು, ನೀರು ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತೇ ಹೇಳಿಕೊಡುತ್ತದೆ. ಈ ಮಾತುಗಳನ್ನು ಕೇಳಿಯೇ ಇಲ್ಲದ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯುತ್ತಿದ್ದಾರೆ.

ಆದ್ದರಿಂದ ಸಮಿತಿಯ ಮುಂದೆ ನಾವು ಇಡುವ ನಿಯಮ ಇಷ್ಟು. ಯಾವ ಶೈಲಿಯ ಕಣ್ಣನ್ನಾದರೂ ಬರೆಯಬಹುದು. ಆದರೆ ಚಿತ್ರದ ಕೆಳಗೆ ಆ ಕಣ್ಣಿನ ಭಾವಕ್ಕೆ ತಕ್ಕ ಕನ್ನಡ ಮಾತೊಂದನ್ನು ಮಗು ತನ್ನ ಕೈಯಿಂದಲೇ ಕನ್ನಡ ಅಕ್ಷರದಲ್ಲಿ ಬರೆಯಬೇಕು. ಮಾತನ್ನು ಅಜ್ಜ ಅಜ್ಜಿಯರಿಗೆ ಫೋನ್ ಮಾಡಿ ಕೇಳಿ ತಿಳಿದುಕೊಳ್ಳಲು ಅಡ್ಡಿಯಿಲ್ಲ. ಹಾಗೆ ಕೇಳಲೆಂಬುದೇ ನಮ್ಮ ಆಸೆ. ಜೊತೆಗೆ ಯಕ್ಷಗಾನ, ತೊಗಲುಗೊಂಬೆ ಅಥವಾ ಮೈಸೂರು ಶೈಲಿಯ ಕಣ್ಣು ಬರೆದವರಿಗೆ ಪ್ರತ್ಯೇಕ ಬಹುಮಾನವಿರಲಿ. ಮಾದರಿ ಚಿತ್ರಗಳನ್ನು ನಾವೇ ಫೋಟೋಕಾಪಿ ಮಾಡಿಸಿ ಹಂಚುತ್ತೇವೆ.

ನಾರಾದ ಆ ಉದ್ದನೆಯ ದಾರವನ್ನು ನೆರೆದವರೆಲ್ಲ ಹಿಡಿದಂತೆ ಈ ಕೆಲಸಕ್ಕೂ ಎಲ್ಲರ ಕೈ ಸೇರಲಿ. ನಿಮ್ಮ ಮನೆಯಲ್ಲಿ, ನಿಮ್ಮ ಸೀಮೆಯಲ್ಲಿ ಕೇಳಿದ ಕಣ್ಣಿನ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಸಂಪಾದಕರಿಗೆ ತಲುಪಿಸಿ. ಮಂಗಳೂರು, ಧಾರವಾಡ, ಮೈಸೂರು, ಕಲಬುರಗಿ ಎಲ್ಲ ಕಡೆಯ ಮಾತುಗಳೂ ಬರಲಿ. ಸ್ಪರ್ಧೆಗೆ ಮೊದಲು ಪಟ್ಟಿ ಮಾಡಿ ಮಕ್ಕಳ ಕೈಗೆ ಕೊಡೋಣ.